ಪದವಿಯ ಮೊದಲ ವರ್ಷಕ್ಕೆ ವಿಷಯ ಆಯ್ಕೆ: ಅರ್ಹತೆ ನೋಡಿಕೊಂಡು ಕಾಂಬಿನೇಷನ್ ಬರೆಯುವ ಬಗೆ

ಕೆಲವು ವರ್ಷಗಳ ಹಿಂದೆ, ಪ್ರವೇಶಾತಿಯ ಕೊನೆಯ ವಾರದಲ್ಲಿ, ಒಬ್ಬ ತಂದೆ ಮಗಳನ್ನು ಕರೆದುಕೊಂಡು ನಮ್ಮ ಕಾಲೇಜಿನ ಪ್ರವೇಶ ಸಮಿತಿಯ ಮೇಜಿನ ಮುಂದೆ ನಿಂತಿದ್ದರು. ಹೊರಗೆ ಮಳೆ ಸುರಿಯುತ್ತಿತ್ತು. ಹುಡುಗಿ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದಳು. ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದಿ ಒಳ್ಳೆಯ ಅಂಕ ತೆಗೆದಿದ್ದ ಮಗು. ಅರ್ಜಿಯಲ್ಲಿ ಕಾಂಬಿನೇಷನ್ ಎಂಬ ಜಾಗ ಖಾಲಿ ಇತ್ತು. ಯಾವುದು ಬೇಕು ಎಂದು ಕೇಳಿದ್ದಕ್ಕೆ ತಂದೆ, "ಯಾವ್ದು ಖಾಲಿ ಇದೆಯೋ ಅದನ್ನೇ ಕೊಡಿ ಮೇಡಂ" ಎಂದರು. ಪತ್ರಿಕೋದ್ಯಮ, ಮನಃಶಾಸ್ತ್ರ, ಇಂಗ್ಲಿಷ್ ಇರುವ ಕಾಂಬಿನೇಷನ್ನಿನಲ್ಲಿ ಸೀಟು ಇತ್ತು, ಬರೆದುಕೊಂಡೆವು. ಮೂರು ವರ್ಷ ಕಳೆದು ಅದೇ ಹುಡುಗಿ ಬಿ.ಎಡ್. ಅರ್ಜಿ ಹಿಡಿದು ಬಂದಳು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಬೇಕೆಂಬುದು ಅವಳಿಗೆ ಚಿಕ್ಕಂದಿನಿಂದ ಇದ್ದ ಆಸೆಯಂತೆ. ಅವಳು ಪದವಿಯಲ್ಲಿ ಓದಿದ ಮೂರರಲ್ಲಿ ಶಾಲೆಯಲ್ಲಿ ಕಲಿಸುವ ವಿಷಯ ಇಂಗ್ಲಿಷ್ ಒಂದೇ. ಮೊದಲ ದಿನ ನಾನು ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ: ಡಿಗ್ರಿ ಮುಗಿಸಿ ಏನು ಮಾಡಬೇಕು ಅಂತಿದ್ದೀಯಮ್ಮ?

ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಪ್ರಶ್ನೆಯಿಂದಲೇ ಹುಟ್ಟಿದವು. ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯಗಳ ಅಡಿಯಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಸೇರುವವರನ್ನು ಮುಖ್ಯವಾಗಿ ಗಮನದಲ್ಲಿಟ್ಟು ಬರೆಯುತ್ತಿದ್ದೇನೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಮಾತು ಬಂದಲ್ಲಿ ಅದನ್ನು ಬೇರೆಯಾಗಿಯೇ ಹೇಳುತ್ತೇನೆ.

ಹಂತ 1: ನಿಮಗೆ ಅನ್ವಯಿಸುವ ಪದ್ಧತಿ ಯಾವುದೆಂದು ತಿಳಿದುಕೊಳ್ಳಿ

ಹೊಸದಾಗಿ ಸೇರುವವರು ಸಾಮಾನ್ಯವಾಗಿ ಸಲಹೆ ಕೇಳುವುದು ಮನೆಯ ಪಕ್ಕದ ಅಕ್ಕನನ್ನು, ಇಲ್ಲವೇ ಅದೇ ಕಾಲೇಜಿನಲ್ಲಿ ಓದಿದ ಅಣ್ಣನನ್ನು. ಆ ಸಲಹೆ ಪ್ರೀತಿಯದೇ ಆದರೂ ಅದು ಬೇರೊಂದು ಪದ್ಧತಿಯದ್ದಾಗಿರಬಹುದು. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪದವಿ ತರಗತಿಗಳು ನಡೆದವು. ಆಗ ಎರಡು ಮುಖ್ಯ ವಿಷಯಗಳು, ಅವುಗಳ ಜೊತೆಗೆ ಮುಕ್ತ ಐಚ್ಛಿಕ ವಿಷಯ, ಬೇಕೆಂದರೆ ನಾಲ್ಕನೆಯ ವರ್ಷದ ಆನರ್ಸ್ ಎಂಬ ವ್ಯವಸ್ಥೆ ಇತ್ತು. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು ಮಧ್ಯಂತರ ವರದಿ ಕೊಟ್ಟ ಬಳಿಕ, 2024ರ ಮೇ ತಿಂಗಳ ಸರ್ಕಾರಿ ಆದೇಶದಂತೆ, 2024-25ರಿಂದ ಮತ್ತೆ ಮೂರು ವರ್ಷದ ಪದವಿ, ಮೂರು ಮೇಜರ್ ವಿಷಯಗಳ ಪದ್ಧತಿ ಬಂತು. ಹಾಗಾಗಿ 2021ರಿಂದ 2023ರ ನಡುವೆ ಸೇರಿದವರು "ಮೊದಲ ವರ್ಷ ಹೇಗೂ ಇರಲಿ, ಆಮೇಲೆ ಓಪನ್ ಎಲೆಕ್ಟಿವ್‌ನಲ್ಲಿ ಸರಿಮಾಡಿಕೊಳ್ಳಬಹುದು" ಎಂದು ಹೇಳಿದರೆ ಅದನ್ನು ನೆಚ್ಚಿಕೊಂಡು ವಿಷಯ ಬರೆಯಬೇಡಿ. ಈಗ ಮೊದಲ ದಿನ ಆರಿಸಿದ ಮೂರು ವಿಷಯಗಳೇ ನಿಮ್ಮ ಪದವಿಯ ಬೆನ್ನೆಲುಬು.

ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಪದ್ಧತಿ ಮುಂದುವರಿದಿದೆ, ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಅದನ್ನು ಕಾಣಬಹುದು. ಆದ್ದರಿಂದ ಎರಡು ಕಡೆಗೆ ಅರ್ಜಿ ಹಾಕುವವರು ಎರಡೂ ನಿಯಮಾವಳಿಗಳನ್ನು ಪ್ರತ್ಯೇಕವಾಗಿ ಓದಬೇಕು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬಾರದು.

ಹಂತ 2: ಮುಂದಿನ ಬಾಗಿಲಿನಿಂದ ಹಿಂದಕ್ಕೆ ಓದಿ

ನನ್ನ ಅನುಭವದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ, ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಒಂದು ಬಿಳಿ ಹಾಳೆ ತೆಗೆದುಕೊಂಡು, ಪದವಿ ಮುಗಿದ ಮೇಲೆ ನೀವು ತಟ್ಟಬಹುದಾದ ಮೂರು ಬಾಗಿಲುಗಳನ್ನು ಬರೆಯಿರಿ. ಹದಿನೆಂಟನೆಯ ವಯಸ್ಸಿಗೆ ಒಂದೇ ಗುರಿ ಗಟ್ಟಿಯಾಗಿರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ, ಹಾಗಾಗಿಯೇ ಮೂರು ಎನ್ನುತ್ತಿದ್ದೇನೆ. ಬಳಿಕ ಪ್ರತಿಯೊಂದರ ಎದುರಿಗೆ ಅದು ಪದವಿಯಲ್ಲಿ ಯಾವ ವಿಷಯ ಕೇಳುತ್ತದೆ, ಪಿಯುಸಿಯಲ್ಲಿ ಯಾವ ವಿಷಯ ಕೇಳುತ್ತದೆ, ಎಷ್ಟು ಶೇಕಡಾ ಅಂಕ ಕೇಳುತ್ತದೆ ಎಂದು ಬರೆಯಿರಿ. ಹೆಚ್ಚು ಜನ ಹುಡುಕುವ ಬಾಗಿಲುಗಳ ಷರತ್ತುಗಳನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೋಡೋಣ.

ಶಿಕ್ಷಕರಾಗಬೇಕೆನ್ನುವವರು ಬಿ.ಎಡ್. ನಿಯಮಗಳನ್ನು ಈಗಲೇ ಓದಬೇಕು. ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ. 50 ಅಂಕ ಬೇಕು, ಮೀಸಲು ವರ್ಗಗಳಿಗೆ ರಿಯಾಯಿತಿ ಇದೆ. ಆದರೆ ಅಂಕಕ್ಕಿಂತ ಹೆಚ್ಚು ಜನರನ್ನು ತಡೆಯುವುದು ವಿಷಯದ ಪ್ರಶ್ನೆ. ಬಿ.ಎಡ್.ನಲ್ಲಿ ಎರಡು ಬೋಧನಾ ವಿಷಯಗಳನ್ನು ತೆಗೆದುಕೊಳ್ಳಬೇಕಾಗುತ್ತದೆ, ಅವು ಪದವಿಯಲ್ಲಿ ಓದಿದ ಶಾಲಾ ವಿಷಯಗಳ ಮೇಲೆಯೇ ನಿಂತಿರುತ್ತವೆ. ನಮ್ಮ ರಾಜ್ಯದಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಹುದ್ದೆಗಳನ್ನು ಪಿಸಿಎಂ, ಸಿಬಿಝಡ್ ಎಂದೇ ಕರೆಯುತ್ತಾರೆ. ಮೊದಲನೆಯದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಎರಡನೆಯದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಹುದ್ದೆಯ ಹೆಸರಿನಲ್ಲೇ ಕಾಂಬಿನೇಷನ್ ಇರುವಾಗ, ರಸಾಯನಶಾಸ್ತ್ರದ ಜೊತೆ ಜೈವಿಕ ತಂತ್ರಜ್ಞಾನವನ್ನು ಆರಿಸಿಕೊಂಡವರು ನೇಮಕಾತಿಯ ಹೊತ್ತಿಗೆ ತಮ್ಮ ವಿಷಯಗಳು ಹೊಂದುತ್ತವೆಯೇ ಎಂದು ಅಧಿಸೂಚನೆ ಹಿಡಿದು ಪರದಾಡಬೇಕಾಗುತ್ತದೆ. ಕಲಾ ವಿಭಾಗದವರು ಇತಿಹಾಸ, ಭೂಗೋಳಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಎರಡಾದರೂ ಇರುವ ಕಾಂಬಿನೇಷನ್ ಆರಿಸಿದರೆ ಈ ದಾರಿ ಸಲೀಸು. ಪತ್ರಿಕೋದ್ಯಮ, ಮನಃಶಾಸ್ತ್ರ ಒಳ್ಳೆಯ ವಿಷಯಗಳೇ. ಆದರೆ ಅವು ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಇಲ್ಲ.

ಸ್ನಾತಕೋತ್ತರ ಪದವಿಯ ಸಾಮಾನ್ಯ ನಿಯಮ ಸರಳವಾಗಿದೆ: ಎಂ.ಎಸ್ಸಿ. ಮಾಡಬೇಕಾದ ವಿಷಯವನ್ನು ಪದವಿಯಲ್ಲಿ ಮೇಜರ್ ಆಗಿ ಓದಿರಬೇಕು. ತೊಡಕು ಇರುವುದು ಅದರ ಪಕ್ಕದ ವಿಷಯದಲ್ಲಿ. ಎಂ.ಎಸ್ಸಿ. ಭೌತಶಾಸ್ತ್ರಕ್ಕೆ ಪದವಿಯಲ್ಲಿ ಭೌತಶಾಸ್ತ್ರದ ಜೊತೆಗೆ ಗಣಿತವನ್ನೂ ಕೇಳುವ ವಿಶ್ವವಿದ್ಯಾಲಯಗಳಿವೆ. ಜೀವರಸಾಯನಶಾಸ್ತ್ರಕ್ಕೆ ರಸಾಯನಶಾಸ್ತ್ರ ಬೇಕೆನ್ನುವುದು ಸಾಮಾನ್ಯ. ಐಐಟಿಗಳಲ್ಲಿ ಎಂ.ಎಸ್ಸಿ. ಮಾಡಲು ಬರೆಯುವ ಜ್ಯಾಮ್ ಪರೀಕ್ಷೆಯನ್ನು ಬರೆದು ರ‍್ಯಾಂಕ್ ಪಡೆದರೂ, ಪ್ರತಿ ಕೋರ್ಸು ಪದವಿಯಲ್ಲಿ ಯಾವ ವಿಷಯವನ್ನು ಎಷ್ಟು ಕಾಲ ಓದಿರಬೇಕೆಂಬ ಕನಿಷ್ಠ ಷರತ್ತನ್ನು ಬೇರೆಯಾಗಿಯೇ ಇಟ್ಟಿರುತ್ತದೆ. ಪಿಯು ಉಪನ್ಯಾಸಕರಾಗಲು ಆ ವಿಷಯದ ಸ್ನಾತಕೋತ್ತರ ಪದವಿ ಬೇಕಾಗಿರುವುದರಿಂದ, ಆ ಕೆಲಸದ ಬೇರು ಕೂಡ ಪದವಿಯ ಮೊದಲ ವರ್ಷದಲ್ಲೇ ಇದೆ.

ಸರ್ಕಾರಿ ಸೇವೆಯ ಬಗ್ಗೆ ಒಂದು ತಪ್ಪು ಕಲ್ಪನೆ ಬಲವಾಗಿದೆ. ಐಎಎಸ್, ಕೆಎಎಸ್‌ಗೆ ಯಾವ ಪದವಿಯಾದರೂ ಸಾಕು ಎಂಬುದು ನಿಜ. ಆದರೆ ಅದೇ ಯುಪಿಎಸ್‌ಸಿ ನಡೆಸುವ ಭಾರತೀಯ ಅರಣ್ಯ ಸೇವೆಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪಶುಪಾಲನೆ ಮತ್ತು ಪಶುವೈದ್ಯಕೀಯ ಇವುಗಳಲ್ಲಿ ಒಂದನ್ನಾದರೂ ಪದವಿಯಲ್ಲಿ ಓದಿರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಭಾರತೀಯ ಸಾಂಖ್ಯಿಕ ಸೇವೆಗೆ ಪದವಿಯಲ್ಲೋ ಸ್ನಾತಕೋತ್ತರ ಪದವಿಯಲ್ಲೋ ಸಂಖ್ಯಾಶಾಸ್ತ್ರ ಬೇಕು. ಮಲೆನಾಡಿನ ಎಷ್ಟೋ ಮಕ್ಕಳು ಅರಣ್ಯ ಸೇವೆಯ ಕನಸು ಕಂಡು ಬಿ.ಎ. ಸೇರುತ್ತಾರೆ; ಅವರಿಗೆ ಆ ಬಾಗಿಲು ಮುಚ್ಚಿದೆ ಎಂದು ತಿಳಿಯುವುದು ಅರ್ಜಿ ತುಂಬುವಾಗ. ವಾಯುಪಡೆಯ ಫ್ಲೈಯಿಂಗ್ ಶಾಖೆಯದ್ದು ಇನ್ನೊಂದು ಬಗೆ: ಯಾವ ಪದವಿಯಾದರೂ ಇರಲಿ, ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು.

ವಾಣಿಜ್ಯ ವಿಭಾಗದಲ್ಲಿ ಇಷ್ಟು ಕವಲುಗಳಿಲ್ಲ. ಸಿ.ಎ. ಮಾಡಬೇಕೆನ್ನುವವರು ಪಿಯುಸಿ ಆದ ಮೇಲೆ ಫೌಂಡೇಷನ್ ಪರೀಕ್ಷೆಯ ಮೂಲಕ ಹೋಗಬಹುದು, ಇಲ್ಲವೇ ವಾಣಿಜ್ಯ ಪದವಿಯಲ್ಲಿ ಶೇ. 55, ಬೇರೆ ಪದವಿಯಲ್ಲಿ ಶೇ. 60 ಪಡೆದು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು ಎಂಬುದಷ್ಟನ್ನು ನೆನಪಿಟ್ಟರೆ ಸಾಕು.

ಹಂತ 3: ಪಿಯುಸಿ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ತಾಳೆ ನೋಡಿ

ಬಾಗಿಲುಗಳ ಪಟ್ಟಿ ಸಿದ್ಧವಾದ ಮೇಲೆ, ಇಂದು ನಿಮ್ಮ ಕೈಯಲ್ಲಿ ಏನಿದೆ ಎಂದು ನೋಡಬೇಕು. ವಿಜ್ಞಾನ ಓದಿದವರು ಕಲೆಗೂ ವಾಣಿಜ್ಯಕ್ಕೂ ಹೋಗಬಹುದು, ಆದರೆ ಪಿಯುಸಿಯಲ್ಲಿ ವಿಜ್ಞಾನ ಓದದವರು ಸಾಮಾನ್ಯವಾಗಿ ಬಿ.ಎಸ್ಸಿ.ಯ ಭೌತ, ರಸಾಯನ, ಜೀವವಿಜ್ಞಾನಗಳಿಗೆ ಸೇರಲಾರರು. ಗಣಿತವನ್ನು ಮೇಜರ್ ಆಗಿ ಬರೆಯಲು ಪಿಯುಸಿಯಲ್ಲಿ ಗಣಿತ ಇರಬೇಕು. ಇಲ್ಲಿ ಹೆಸರಿನ ಗೊಂದಲಕ್ಕೆ ಎಚ್ಚರವಿರಲಿ: ವಾಣಿಜ್ಯ ವಿಭಾಗದಲ್ಲಿ ಓದುವ ಬೇಸಿಕ್ ಮ್ಯಾಥ್ಸ್ ಮತ್ತು ವಿಜ್ಞಾನ ವಿಭಾಗದ ಗಣಿತ ಎರಡೂ ಬೇರೆ ಬೇರೆ ವಿಷಯಗಳು. ಸಿಬಿಎಸ್‌ಇಯಿಂದ ಬಂದವರಿಗೂ ಇದೇ ಮಾತು. 041 ಸಂಖ್ಯೆಯ ಗಣಿತಕ್ಕೂ 241 ಸಂಖ್ಯೆಯ ಅನ್ವಯಿಕ ಗಣಿತಕ್ಕೂ ವ್ಯತ್ಯಾಸವಿದೆ. ನಿಮ್ಮ ಅಂಕಪಟ್ಟಿಯಲ್ಲಿ ಇರುವುದು ಯಾವುದು, ಕಾಲೇಜು ಒಪ್ಪುವುದು ಯಾವುದು ಎಂಬುದನ್ನು ಬಾಯಿಮಾತಿಗೆ ಬಿಡದೆ ಪ್ರಾಸ್ಪೆಕ್ಟಸ್‌ನಲ್ಲಿ ಓದಿ ಖಚಿತಪಡಿಸಿಕೊಳ್ಳಿ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಪಿಸಿಎಂಬಿ ಓದಿದ ಒಬ್ಬ ವಿದ್ಯಾರ್ಥಿನಿಗೆ ಭೌತಶಾಸ್ತ್ರದಲ್ಲಿ 62, ರಸಾಯನಶಾಸ್ತ್ರದಲ್ಲಿ 71, ಗಣಿತದಲ್ಲಿ 54, ಜೀವಶಾಸ್ತ್ರದಲ್ಲಿ 83 ಬಂದಿದೆ ಎಂದುಕೊಳ್ಳಿ. ಅವಳ ಹಾಳೆಯಲ್ಲಿ ಶಿಕ್ಷಕಿ, ಅರಣ್ಯ ಸೇವೆ, ಕಂಪ್ಯೂಟರ್ ಕೆಲಸ ಎಂಬ ಮೂರು ಬಾಗಿಲುಗಳಿವೆ. ಮನೆಯವರು "ಕಂಪ್ಯೂಟರ್ ಬೇಕೆಂದರೆ ಗಣಿತ ಇರುವ ಕಾಂಬಿನೇಷನ್ನೇ ತೆಗೆದುಕೊಳ್ಳಬೇಕು" ಎಂದು ಪಿಸಿಎಂ ಕಡೆಗೆ ಒತ್ತಾಯಿಸುತ್ತಾರೆ. ಈಗ ಷರತ್ತುಗಳನ್ನು ಓದಿ. ಸಿಬಿಝಡ್ ತೆಗೆದುಕೊಂಡರೂ ಅವಳು ಶಿಕ್ಷಕಿಯಾಗಬಹುದು, ಅರಣ್ಯ ಸೇವೆಯ ಪರೀಕ್ಷೆ ಬರೆಯಬಹುದು. ಇನ್ನು ಕಂಪ್ಯೂಟರ್ ಕೆಲಸಕ್ಕೆ ದಾರಿಯಾಗುವ ಸ್ನಾತಕೋತ್ತರ ಕೋರ್ಸಾದ ಎಂಸಿಎಗೆ ಗಣಿತವನ್ನು ಪಿಯುಸಿ ಮಟ್ಟದಲ್ಲಾಗಲಿ ಪದವಿ ಮಟ್ಟದಲ್ಲಾಗಲಿ ಓದಿರಬೇಕೆಂದು ಕೇಳುವುದು ಸಾಮಾನ್ಯ. ಅವಳ ಪಿಯುಸಿ ಅಂಕಪಟ್ಟಿಯಲ್ಲಿ ಆ 54 ಈಗಾಗಲೇ ಕೂತಿದೆ. ಅಂದರೆ, ಅವಳಿಗೆ ಪ್ರೀತಿಯಿರುವ ಜೀವಶಾಸ್ತ್ರವನ್ನು ಓದಿದರೂ ಮೂರು ಬಾಗಿಲುಗಳಲ್ಲಿ ಒಂದೂ ಮುಚ್ಚುವುದಿಲ್ಲ. ಮುಚ್ಚುವುದು ಎಂ.ಎಸ್ಸಿ. ಗಣಿತ ಮತ್ತು ಭೌತಶಾಸ್ತ್ರ. ಅವು ಅವಳ ಹಾಳೆಯಲ್ಲೇ ಇರಲಿಲ್ಲ. ಹಾಳೆ ಬರೆಯದೆ ಹೋಗಿದ್ದರೆ ಈ ಹುಡುಗಿ ಮೂರು ವರ್ಷ ಕಷ್ಟಪಟ್ಟು ಗಣಿತ ಓದುತ್ತಿದ್ದಳು.

ಅದೇ ಅಂಕಪಟ್ಟಿಯಲ್ಲಿ ಗಣಿತ 90 ಇದ್ದು, ಮೂರನೆಯ ಬಾಗಿಲು ದತ್ತಾಂಶ ವಿಜ್ಞಾನವೋ ಅರ್ಥಶಾಸ್ತ್ರವೋ ಆಗಿದ್ದರೆ ನಾನು ಬೇರೆ ಸಲಹೆ ಕೊಡುತ್ತಿದ್ದೆ. ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ವಿಜ್ಞಾನ ಇರುವ ಕಾಂಬಿನೇಷನ್, ಅಥವಾ ಗಣಿತ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ ನಮ್ಮ ಊರುಗಳಲ್ಲಿ ಸಿಗಬೇಕಾದಷ್ಟು ಗಮನ ಸಿಗದೆ ಉಳಿದಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಣಿತ ಬರುವವರು ಭಯದಿಂದ ಮಾತ್ರ ಅದನ್ನು ಕೈಬಿಡಬಾರದು.

ಹಂತ 4: ಷರತ್ತು ಪೂರೈಸದಿದ್ದರೆ ಏನು ಮಾಡಬಹುದು

ಕೊರತೆ ಎರಡು ಬಗೆಯದು. ಅಂಕ ಕಡಿಮೆಯಿರುವುದು ಅಥವಾ ಒಂದು ವಿಷಯದಲ್ಲಿ ಅನುತ್ತೀರ್ಣವಾಗಿರುವುದು ಮೊದಲನೆಯದು. ಇದಕ್ಕೆ ಪರಿಹಾರ ಹತ್ತಿರದಲ್ಲೇ ಇದೆ. 2023-24ರಿಂದ ರಾಜ್ಯದ ಪರೀಕ್ಷಾ ಮಂಡಳಿಯು ದ್ವಿತೀಯ ಪಿಯುಸಿಗೆ ಒಂದಕ್ಕಿಂತ ಹೆಚ್ಚು ಅವಕಾಶಗಳನ್ನು ಒಂದೇ ವರ್ಷದಲ್ಲಿ ಕೊಡುತ್ತಿದೆ, ಉತ್ತೀರ್ಣರಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ನಿಮ್ಮ ಬಾಗಿಲು ಕೇಳುವ ವಿಷಯದಲ್ಲೇ ಅಂಕ ಕಡಿಮೆಯಿದ್ದರೆ, ಆ ಒಂದು ವಿಷಯವನ್ನು ಮತ್ತೆ ಬರೆಯುವುದು ನಾಚಿಕೆಯ ಸಂಗತಿಯೇನೂ ಅಲ್ಲ.

ವಿಷಯವನ್ನೇ ಓದದಿರುವುದು ಎರಡನೆಯ ಬಗೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್, ಹನ್ನೆರಡನೆಯ ತರಗತಿ ಪಾಸಾದವರಿಗೆ ಇಡೀ ತರಗತಿಯನ್ನು ಮತ್ತೆ ಓದದೆ ಬೇಕಾದ ಒಂದೆರಡು ವಿಷಯಗಳಿಗೆ ಮಾತ್ರ ಸೇರುವ ಅವಕಾಶ ಕೊಡುತ್ತದೆ. ಗಣಿತವನ್ನು ಹೀಗೆ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡವರಿದ್ದಾರೆ. ವೈದ್ಯಕೀಯ ಪ್ರವೇಶಕ್ಕೂ, ಹನ್ನೆರಡನೆಯ ತರಗತಿಯ ನಂತರ ಮಾನ್ಯತೆ ಪಡೆದ ಮಂಡಳಿಯಿಂದ ಹೆಚ್ಚುವರಿಯಾಗಿ ಓದಿದ ಜೀವಶಾಸ್ತ್ರವನ್ನು ಒಪ್ಪುವುದಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಪ್ರಕಟಿಸಿತು. ಆದರೆ ಶುಲ್ಕ ಕಟ್ಟುವ ಮೊದಲು, ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯ ಇಂಥ ಪ್ರತ್ಯೇಕ ಅಂಕಪಟ್ಟಿಯನ್ನು ಮಾನ್ಯ ಮಾಡುತ್ತದೆಯೇ ಎಂದು ಇಮೇಲ್ ಬರೆದು ಕೇಳಿ, ಬಂದ ಉತ್ತರವನ್ನು ಕಾಪಾಡಿಕೊಳ್ಳಿ. ದೂರವಾಣಿಯಲ್ಲಿ ಸಿಕ್ಕ "ಆಗುತ್ತೆ" ಎಂಬ ಮಾತು ದಾಖಲೆ ಪರಿಶೀಲನೆಯ ದಿನ ನಿಮ್ಮ ನೆರವಿಗೆ ಬರುವುದಿಲ್ಲ.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಇದೆ; ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಅದರ ಮೂಲಕವೇ ಪ್ರವೇಶ. ಅಲ್ಲಿ ಷರತ್ತು ಪೂರೈಸಬೇಕಾದ ಗಳಿಗೆ ಪ್ರವೇಶದ ದಿನವಲ್ಲ, ತಿಂಗಳುಗಳ ಮೊದಲು ಪರೀಕ್ಷೆಗೆ ಅರ್ಜಿ ಹಾಕುವ ದಿನ. ಬೇಕಾದ ಕೋರ್ಸು ಯಾವ ವಿಷಯದ ಪತ್ರಿಕೆಗಳನ್ನು ಕೇಳುತ್ತದೆಯೋ ಅವುಗಳನ್ನೇ ಅರ್ಜಿಯಲ್ಲಿ ಗುರುತಿಸಿರಬೇಕು. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್ ಗಣಿತದ ಪತ್ರಿಕೆಯನ್ನು ಕೇಳುತ್ತದೆ. ಗಣಿತ ಗುರುತಿಸದೆ ಬರೆದವರು ಉಳಿದದ್ದರಲ್ಲಿ ಎಷ್ಟೇ ಅಂಕ ಪಡೆದರೂ ಆ ಕೋರ್ಸಿನ ಪಟ್ಟಿಗೆ ಸೇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಸಂಶೋಧನಾ ಪದವಿಗೂ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಬೇಕು.

ಹಂತ 5: ಭಾಷಾ ವಿಷಯವನ್ನು ಅಂಕಕ್ಕಾಗಿ ಮಾತ್ರ ಆರಿಸಬೇಡಿ

ಹೆಚ್ಚು ಅಂಕ ಬರುತ್ತದೆಂದು ಬೇರೆ ಭಾಷೆಯನ್ನು ತೆಗೆದುಕೊಳ್ಳುವವರನ್ನು ನಾನು ದೂಷಿಸುವುದಿಲ್ಲ. ಆದರೂ ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ಅರ್ಹತೆ ಪಡೆಯದಿದ್ದರೆ ಉಳಿದ ಅಂಕಗಳು ಲೆಕ್ಕಕ್ಕೆ ಬರುವುದಿಲ್ಲವೆಂಬುದನ್ನೂ, ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ಆರಿಸಿಕೊಳ್ಳುವ ಅವಕಾಶವಿದೆಯೆಂಬುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಎಲ್ಲರೂ ಓದುವ ಭಾಷಾ ಕನ್ನಡ ಬೇರೆ, ಬಿ.ಎ.ಯಲ್ಲಿ ಮೇಜರ್ ಆಗಿ ಓದುವ ಐಚ್ಛಿಕ ಕನ್ನಡ ಬೇರೆ. ಅರ್ಜಿಯಲ್ಲಿ ಇವೆರಡಕ್ಕೂ ಪ್ರತ್ಯೇಕ ಜಾಗಗಳಿರುತ್ತವೆ. ಕನ್ನಡ ಎಂ.ಎ. ಮಾಡುವ ಮನಸ್ಸಿದ್ದವರು ಐಚ್ಛಿಕ ಕನ್ನಡವನ್ನೇ ಬರೆದಿದ್ದೇವೆಯೇ ಎಂದು ಎರಡು ಸಲ ನೋಡಬೇಕು.

ಹಂತ 6: ಕಾಲೇಜಿಗೆ ಹೋಗಿ ನೋಡಿ

ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗಿರುವ ಎಲ್ಲ ಕಾಂಬಿನೇಷನ್‌ಗಳೂ ಆ ವರ್ಷ ನಡೆಯುತ್ತವೆ ಎಂದೇನಿಲ್ಲ. ತೀರ ಕಡಿಮೆ ವಿದ್ಯಾರ್ಥಿಗಳು ಸೇರಿದರೆ ಆ ಕಾಂಬಿನೇಷನ್ ಕೈಬಿಟ್ಟು, ಸೇರಿದವರನ್ನು ಬೇರೆಯದಕ್ಕೆ ಹೋಗಿ ಎನ್ನುವುದುಂಟು. ಹಾಗಾಗಿ ಕಳೆದ ವರ್ಷ ಈ ಕಾಂಬಿನೇಷನ್‌ಗೆ ಎಷ್ಟು ಜನ ಸೇರಿದ್ದರು, ಕಾಯಂ ಉಪನ್ಯಾಸಕರಿದ್ದಾರೆಯೇ ಅಥವಾ ಅತಿಥಿ ಉಪನ್ಯಾಸಕರೇ ನಡೆಸುತ್ತಿದ್ದಾರೆಯೇ ಎಂದು ವಿನಯದಿಂದಲೇ ಕೇಳಿ. ವಿಜ್ಞಾನದವರು ಪ್ರಯೋಗಾಲಯದ ಬಾಗಿಲು ತೆರೆಸಿ ಒಳಗೆ ಹೋಗಿ ನೋಡಬೇಕು. ಸೂಕ್ಷ್ಮದರ್ಶಕಗಳ ಮೇಲಿನ ಹೊದಿಕೆಯ ಮೇಲೆ ದೂಳು ಕೂತಿದೆಯೇ, ಸಿಂಕಿನ ನಲ್ಲಿಯಲ್ಲಿ ನೀರು ಬರುತ್ತದೆಯೇ, ರಾಸಾಯನಿಕಗಳ ಶೀಶೆಗಳ ಮೇಲಿನ ಚೀಟಿ ಓದುವಂತಿದೆಯೇ ಎಂಬುದು ಆ ವಿಭಾಗದ ಬಗ್ಗೆ ಹೇಳುವಷ್ಟನ್ನು ಯಾವ ಕರಪತ್ರವೂ ಹೇಳುವುದಿಲ್ಲ.

ವೇಳಾಪಟ್ಟಿಯನ್ನೂ ಕೇಳಿ ಪಡೆಯಿರಿ. ಮೂರು ಪ್ರಾಯೋಗಿಕ ವಿಷಯಗಳಿದ್ದರೆ ವಾರದಲ್ಲಿ ಹಲವು ಮಧ್ಯಾಹ್ನಗಳು ಪ್ರಯೋಗಾಲಯದಲ್ಲೇ ಕಳೆಯುತ್ತವೆ. ಭೂಗೋಳಶಾಸ್ತ್ರ, ಮನಃಶಾಸ್ತ್ರಗಳಲ್ಲೂ ಪ್ರಾಯೋಗಿಕ ತರಗತಿ ಇರುವುದು ಬಿ.ಎ. ಸೇರುವವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೆ, ಸಂಜೆ ಕೆಲಸ ಮಾಡಿ ಓದುವವರಿಗೆ ಇದು ಸಣ್ಣ ವಿಚಾರವಲ್ಲ. ಕೊನೆಯ ಬಸ್ಸಿನ ಸಮಯವನ್ನೂ ಆ ಹಾಳೆಯಲ್ಲಿ ಬರೆದುಕೊಳ್ಳಿ.

ಹಂತ 7: ಅರ್ಜಿ ಮತ್ತು ದಾಖಲೆಗಳು

ರಾಜ್ಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಯುಯುಸಿಎಂಎಸ್ ಎಂಬ ಏಕೀಕೃತ ಜಾಲತಾಣದಲ್ಲಿ ನೋಂದಾಯಿಸಿಕೊಂಡು, ಕಾಲೇಜು, ಕೋರ್ಸು, ಕಾಂಬಿನೇಷನ್, ಭಾಷೆ ಆರಿಸಬೇಕು. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ನಾಡಕಚೇರಿಯ ಆರ್‌ಡಿ ಸಂಖ್ಯೆ ಇರುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಹೊಂದಿಸಿಟ್ಟುಕೊಳ್ಳಿ. ಎಲ್ಲ ದಾಖಲೆಗಳಲ್ಲೂ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ನೋಡಿ. ಬೇರೆ ರಾಜ್ಯದ ಮಂಡಳಿಯಿಂದಾಗಲಿ ಸಿಬಿಎಸ್‌ಇಯಂಥ ಮಂಡಳಿಯಿಂದಾಗಲಿ ಬಂದವರಿಗೆ ವಲಸೆ ಪ್ರಮಾಣಪತ್ರವೂ, ವಿಶ್ವವಿದ್ಯಾಲಯದ ಅರ್ಹತಾ ಪ್ರಮಾಣಪತ್ರವೂ ಬೇಕಾಗಬಹುದು. ಮುಂಬೈ, ಹೈದರಾಬಾದ್, ಗಲ್ಫ್ ದೇಶಗಳಲ್ಲಿ ಶಾಲೆ ಮುಗಿಸಿ ಊರಿಗೆ ಮರಳುವ ಕನ್ನಡಿಗರ ಮಕ್ಕಳು ಇದಕ್ಕೆ ಸಮಯ ಹಿಡಿಯುತ್ತದೆಂದು ಫಲಿತಾಂಶದ ದಿನವೇ ಕೆಲಸ ಶುರುಮಾಡುವುದು ಒಳ್ಳೆಯದು.

ಸೈಬರ್ ಕೆಫೆಯಲ್ಲಿ ಅರ್ಜಿ ತುಂಬಿಸುವವರು ಕಾಂಬಿನೇಷನ್ ಆರಿಸುವ ಗಳಿಗೆಯಲ್ಲಿ ತಾವೇ ಪರದೆಯ ಮುಂದೆ ಇರಬೇಕು. ಪಟ್ಟಿಯಲ್ಲಿ ಒಂದರ ಕೆಳಗೊಂದು ಒಂದೇ ರೀತಿ ಕಾಣುವ ಹೆಸರುಗಳಿರುತ್ತವೆ, ಬೆರಳು ಒಂದು ಸಾಲು ಕೆಳಗೆ ಒತ್ತಿದರೆ ಅರ್ಥಶಾಸ್ತ್ರ ಹೋಗಿ ಸಮಾಜಶಾಸ್ತ್ರ ಬಂದಿರುತ್ತದೆ. ಅರ್ಜಿಯ ಮುದ್ರಿತ ಪ್ರತಿಯನ್ನು ನಿಮ್ಮ ಹಾಳೆಯ ಪಕ್ಕ ಇಟ್ಟು ಓದಿ, ಆಮೇಲೆ ಶುಲ್ಕ ಕಟ್ಟಿ.

ಹಂತ 8: ಮೊದಲ ಕೆಲವು ವಾರಗಳು

ತರಗತಿ ಶುರುವಾದ ಮೇಲೆ ಆಯ್ಕೆ ತಪ್ಪಾಯಿತು ಅನ್ನಿಸಿದರೆ ಸುಮ್ಮನಿರಬೇಡಿ. ಪ್ರವೇಶದ ಪಟ್ಟಿ ಅನುಮೋದನೆಗೆಂದು ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು, ಸೀಟು ಇದ್ದು ಅರ್ಹತೆಯೂ ಇದ್ದರೆ, ಕಾಲೇಜಿನ ಮಟ್ಟದಲ್ಲೇ ಕಾಂಬಿನೇಷನ್ ಬದಲಿಸಿಕೊಡುವುದುಂಟು. ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬಳಿಕ ಯುಯುಸಿಎಂಎಸ್‌ನ ನಿಮ್ಮ ಖಾತೆಯಲ್ಲೂ ಬದಲಾವಣೆ ಆಗಿದೆಯೇ ಎಂದು ನೋಡಿ. ಹಾಜರಿ ಪುಸ್ತಕದಲ್ಲಿ ಬದಲಾಗಿ ಜಾಲತಾಣದಲ್ಲಿ ಬದಲಾಗದೆ ಉಳಿದರೆ, ಓದಿದ್ದು ಒಂದು, ಪರೀಕ್ಷೆಗೆ ಬಂದದ್ದು ಇನ್ನೊಂದು ಎಂಬ ಪರಿಸ್ಥಿತಿ ಬರುತ್ತದೆ.

ಮೊದಲ ಸೆಮಿಸ್ಟರಿನ ಪರೀಕ್ಷಾ ಅರ್ಜಿ ತುಂಬುವ ದಿನ ಕೊನೆಯ ತಪಾಸಣೆ ಮಾಡಿ. ಮೂರು ಮೇಜರ್ ವಿಷಯಗಳು, ಎರಡು ಭಾಷೆಗಳು, ಕಡ್ಡಾಯ ಪತ್ರಿಕೆ, ಪ್ರತಿಯೊಂದರ ಹೆಸರು ಮತ್ತು ಸಂಕೇತ ಸಂಖ್ಯೆ, ಪ್ರಾಯೋಗಿಕ ಪರೀಕ್ಷೆ ಇದ್ದರೆ ಅದರ ಪ್ರತ್ಯೇಕ ಸಂಕೇತ ಎಲ್ಲವನ್ನೂ ಒಂದೊಂದಾಗಿ ಗುರುತು ಹಾಕುತ್ತಾ ನೋಡಿ. ಏನಾದರೂ ತಪ್ಪು ಕಂಡರೆ ಅಂದೇ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗಿ, ಪ್ರವೇಶದ ದಿನ ಇಟ್ಟುಕೊಂಡಿದ್ದ ಮುದ್ರಿತ ಅರ್ಜಿಯನ್ನು ತೋರಿಸಿ. ಪರೀಕ್ಷಾ ಶುಲ್ಕ ಕಟ್ಟಿ ಪ್ರವೇಶಪತ್ರ ಬಂದ ನಂತರ ಅದನ್ನು ತಿದ್ದಿಸಲು ವಿಶ್ವವಿದ್ಯಾಲಯದ ಕಚೇರಿಯವರೆಗೆ ಹೋಗಬೇಕಾಗುತ್ತದೆ.